ಎರಡು ಪೆಟ್ಟಿನ ನಡುವಿನ ಸಪ್ಪಳ

ಹೋದ ವಾರ ಹಬ್ಬದ ಮುನ್ನಾದಿನ ನನ್ನಾಕೆ ದೇವರ ಸಾಮಾನುಗಳ ಜೊತೆಗೆ ನನ್ನ ಕಂಚಿನ ತಾಳಗಳನ್ನೂ ಹುಣಸೆಹುಳಿ ಹಚ್ಚಿ ತಿಕ್ಕಿ, ಒರೆಸಲು ನನ್ನ ಕೈಗೆ ಕೊಟ್ಟಳು. ಒದ್ದೆ ಕಂಚು, ಹುಣಸೆಹುಳಿ, ಹಳೆಯ ದಾರದಲ್ಲಿ ಕೂತ ಬೆವರು ಎಲ್ಲ ಸೇರಿ ಮೂಗಿಗೆ ಬಡಿದದ್ದೇ ತಡ, ತಬಲಾ ಮಾಸ್ತರರು ಎದುರಿಗೆ ಬಂದು ಕುಳಿತಂತಾಯಿತು...

ಬೈಲಹೊಂಗಲದಲ್ಲಿ ಅವರ ಮನೆ ನಮ್ಮ ಓಣಿಯ ತುದಿಗಿತ್ತು. ನಾಟಕ ಕಂಪನಿಯಲ್ಲಿ ತಬಲಾ ಬಾರಿಸುತ್ತಿದ್ದರು. ಸವದತ್ತಿಯಿಂದ ರಾಮದುರ್ಗದವರೆಗೆ ಅವರ ಕೈ ಕೇಳದ ಊರಿರಲಿಲ್ಲ. ಅವರನ್ನು ಕುಡಿಯದೆ ಕಂಡ ಊರೂ ಇರಲಿಲ್ಲ. ತೊಂಬತ್ತರ ದಶಕದ ನಡುವೆ ರಾಮದುರ್ಗದ ಕ್ಯಾಂಪಿನಲ್ಲಿ, ನಾಯಕ ಹಾಡು ಮುಗಿಸಿ ರಂಗದ ಮೇಲೆ ಸತ್ತು ಬಿದ್ದ ನಂತರವೂ ಇವರು ಬಾರಿಸುತ್ತಲೇ ಇದ್ದರಂತೆ. ಕೊನೆಗೆ ಹೆಣವೇ ಎದ್ದು ಕುಳಿತು, "ಸಾಕ್ರೀ ಮಾಸ್ತರ, ನಾ ಸತ್ತು ಬಾಳ ಹೊತ್ತಾತು" ಎಂದಿತಂತೆ. ಜನ ನಕ್ಕರು, ಕಂಪನಿ ನಗಲಿಲ್ಲ. ಕೆಲಸ ಕಳೆದುಕೊಂಡು ಮನೆಗೆ ಬಂದವರನ್ನು ಅವರ ತಂಗಿ ಕುಡಿತ ಬಿಡಿಸುವ ದವಾಖಾನೆಗೆ ಸೇರಿಸಿದಳು.

ನಾನಾದರೋ ಸರಕಾರಿ ಗುಮಾಸ್ತ, ಓಣಿಯಲ್ಲಿ 'ಸಾಹೇಬ್ರು' ಎನ್ನಿಸಿಕೊಂಡ ಮಾನವಂತ. ಕಚೇರಿ ಬಿಟ್ಟೊಡನೆ ಬಸ್‌ಸ್ಟ್ಯಾಂಡಿನ ಹಿಂದಿನ ಸಾರಾಯಿ ಅಂಗಡಿಯಲ್ಲಿ ಒಂದು ತಾಸು ಕೂತು, ಆಮೇಲೆ ಏಲಕ್ಕಿ ಅಗಿಯುತ್ತ ಮನೆಗೆ ಬರುವವ. ಈ ವಿಷಯ ನನಗೂ ದೇವರಿಗೂ ಮಾತ್ರ ಗೊತ್ತು ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು. ಹೋಳಿಗೆಗೆ ಏಲಕ್ಕಿ ಬೇಕಾದಾಗ ನನ್ನಾಕೆ ಅಡುಗೆಮನೆಯ ಡಬ್ಬಿ ಬಿಟ್ಟು ನೇರ ನನ್ನ ಅಂಗಿಯ ಕಿಸೆಗೆ ಕೈ ಹಾಕುತ್ತಿದ್ದಳು. ಅದರ ಅರ್ಥ ನನಗಾಗ ಹೊಳೆಯಲಿಲ್ಲ. ಒಂದು ಮುಂಜಾನೆ ಚಹಾ ಹಿಡಿದಾಗ ಕಪ್ಪು-ಬಸಿ ಗಿಣಗಿಣ ಎಂದವು. ಮಗಳು ಕೇಳಿದಳು: "ಅಪ್ಪಾ, ಬಶಿ ಯಾಕ ಬಾರಸಾಕತ್ತೀ?"

ಅಂದಿನಿಂದ ನಾನು ಗ್ಲಾಸಿನಲ್ಲಿ ಚಹಾ ಕುಡಿಯತೊಡಗಿದೆ. ಸಮಸ್ಯೆ ಬಗೆಹರಿಯಿತೆಂದು ಕಡತ ಮುಚ್ಚಿದೆ.

ದವಾಖಾನೆಯಿಂದ ಬಂದ ಮೊದಲ ಸೋಮವಾರ ಸಂಜೆ ಮಾಸ್ತರರು ನಮ್ಮ ಓಣಿಯ ಈಶ್ವರ ಗುಡಿಯ ಭಜನೆಗೆ ಬಂದರು. ಮೇಳದ ಹಿರಿಯರಾದ ಹತ್ತಿ ವ್ಯಾಪಾರದ ಕಾಕಾ ತಬಲಾದ ಹತ್ತಿರ ಚಾಪೆ ಸರಿಮಾಡಿ, "ಬರ್ರಿ ಮಾಸ್ತರ, ಕುಂದರ್ರಿ" ಎಂದರು.

"ತಬಲಾ ಒಲ್ಲೆರಿ ಕಾಕಾ. ನನಗ ತಾಳಾ ಕೊಡ್ರಿ."

"ತಾಳಾ ಏನೂ ಬರಲಾರದವರು ಬಾರಸೂದಲ್ರಿ?"

"ಅದಕ್ಕ ಕೇಳೀನ್ರಿ."

ತಾಳದ ಪೆಟ್ಟು ಹಾಡಿಗೆ ಸರಿಯಾಗಿಯೇ ಬಿತ್ತು. ಆದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ, ಸುಮ್ಮನಿರಬೇಕಾದಲ್ಲಿ, ಅಂಚಿಗೆ ಅಂಚು ತಾಗಿ ಗಿಣಗಿಣ... ಪಾನಪಟ್ಟಿ ಅಂಗಡಿಯವ ಹಿಂದಿನಿಂದ ಕೂಗಿದ: "ಮಾಸ್ತರ, ಐಸ್‌ಕ್ಯಾಂಡಿ ಗಾಡಿ ಬಂತೇನ್ರೀ?"

"ಬಂದೈತಿ. ಕರಗೂತನಾ ತಡೀರಿ" ಎಂದರು ಮಾಸ್ತರರು, ಬಾರಿಸುವುದನ್ನು ನಿಲ್ಲಿಸದೆ.

ಎಲ್ಲರೂ ನಕ್ಕರು. ಹಿಂದೆ ಕಂಬಕ್ಕೆ ಒರಗಿದ್ದ ನಾನು ನಗಲಿಲ್ಲ. ಆ ಸಪ್ಪಳ ನಮ್ಮ ಮನೆಯದು.

ಒಂದು ದಿನ ದಾರಿಯಲ್ಲಿ ಸಿಕ್ಕಾಗ, ತಬಲಾ ಯಾಕೆ ಬಿಟ್ಟಿರಿ ಎಂದು ಕೇಳಿಯೇಬಿಟ್ಟೆ.

"ತಬಲಾದಾಗ ಕೈ ನಡಗಿದ್ದು ಮುಚ್ಚಾಕ ಬರತೈತ್ರಿ ಸಾಹೇಬ್ರ. ಇಪ್ಪತ್ತು ವರ್ಷ ಮುಚ್ಚೇನಿ. ತಾಳದಾಗ ಮುಚ್ಚಾಕ ಜಾಗಾನ ಇಲ್ಲ" ಎಂದವರು, ನನ್ನ ಏಲಕ್ಕಿಯ ಪರಿಮಳವನ್ನು ಒಮ್ಮೆ ದೀರ್ಘವಾಗಿ ಎಳೆದುಕೊಂಡು ಮುಂದೆ ನಡೆದರು.

ನಾನು ಸೋಮವಾರ ತಪ್ಪಿಸದೆ ಹೋಗತೊಡಗಿದೆ. ಭಕ್ತಿಯಿಂದಲ್ಲ, ಆ ನಡುವಿನ ಸಪ್ಪಳ ಕೇಳಲು. ಶ್ರಾವಣಕ್ಕೆ ಅದು ಇಳಿಯಿತು. ದೀಪಾವಳಿ ಮರುವಾರ ಮತ್ತೆ ಜೋರಾಯಿತು. ಅಂದು ಅವರು ಯಾರ ಮುಖವನ್ನೂ ನೋಡಲಿಲ್ಲ, ಆದರೆ ತಾಳ ಕೆಳಗಿಡಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಎರಡು ಪೆಟ್ಟಿನ ನಡುವೆ ಏನೂ ಇರಲಿಲ್ಲ. ಏನೂ ಇಲ್ಲದ್ದು ಅಷ್ಟು ಸ್ಪಷ್ಟವಾಗಿ ಕೇಳಿಸೀತೆಂದು ನನಗೆ ಗೊತ್ತಿರಲಿಲ್ಲ.

ಆ ಸೋಮವಾರವೇ ಅವರು ತಬಲಾಕ್ಕೆ ಮರಳಿದರು. ಅದಕ್ಕೂ ಮೊದಲು ತಾಳ ಹಿಡಿದು, ಮುಂದೆ ಕೂತವರನ್ನೆಲ್ಲ ದಾಟಿ ನನ್ನ ಕಂಬದ ಹತ್ತಿರ ಬಂದರು.

"ಹಿಡೀರಿ, ಸಾಹೇಬ್ರ."

"ನನಗ ಬರೂದಿಲ್ರಿ."

"ನನಗೂ ಬರತಿರಲಿಲ್ರಿ."

ಹಿಡಿದೆ. ನನ್ನ ಪರಮ ಗುಟ್ಟು ಇಡೀ ಗುಡಿಗೆ ಗಿಣಗಿಣ ಕೇಳಿಸಿತು. ತಬಲಾ ಜೋರು ಮಾಡಿ ಮುಚ್ಚಿಯಾರೆಂದು ಅವರತ್ತ ನೋಡಿದೆ. ಪುಣ್ಯಾತ್ಮರು ಇನ್ನಷ್ಟು ಮೆತ್ತಗೆ ಬಾರಿಸಿದರು. ಪಾನಪಟ್ಟಿಯವ ಬಾಯಿ ತೆರೆದ. ಕಾಕಾ ತಿರುಗಿ ನೋಡಿದ್ದಕ್ಕೆ ಮುಚ್ಚಿದ.

ಮರುದಿನ ಮುಂಜಾನೆ ಮಾಸ್ತರರು ನಮ್ಮ ಬಾಗಿಲಲ್ಲಿದ್ದರು. "ನಮ್ಮ ಡಾಕ್ಟರಿಗೆ ನಿಮ್ಮ ಸುದ್ದಿ ಹೇಳೇನಿ. ನಡೀರಿ." ನನ್ನಾಕೆ ನನ್ನ ಚಪ್ಪಲಿ ತಂದು ಹೊಸ್ತಿಲ ಹೊರಗಿಟ್ಟಳು. ಅದಕ್ಕೆ ಮೊದಲಾಗಲಿ ನಂತರವಾಗಲಿ ಆಕೆ ನನ್ನ ಚಪ್ಪಲಿ ತಂದಿಟ್ಟದ್ದು ನನಗೆ ನೆನಪಿಲ್ಲ.

ಎರಡು ಸಲ ಜಾರಿದೆ. ಎರಡೂ ಸಲ ಸೋಮವಾರ ತಪ್ಪಿಸಿದೆ, ಎರಡೂ ಸಲ ಅವರು ತಾಳ ಹಿಡಿದು ಮನೆಗೆ ಬಂದು, "ಇವು ನಿಮ್ಮನ್ನ ಕೇಳಾಕತ್ತಿದ್ವು" ಎಂದರು. ಉಪದೇಶ ಮಾಡಲಿಲ್ಲ, ಮಾಡಿದ್ದರೆ ಕುಡಿಯಲು ನನಗೊಂದು ನೆಪ ಸಿಗುತ್ತಿತ್ತು. ಮಗಳು ಹತ್ತನೆಯ ಇಯತ್ತೆಗೆ ಬಂದ ವರ್ಷ ನಾನು ಮತ್ತೆ ಕಪ್ಪು-ಬಸಿಯಲ್ಲಿ ಚಹಾ ಕೇಳಿದೆ. ಮಗಳೇ ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತಿದ್ದಳು.

ಮಾಸ್ತರರು ಹೋಗಿ ಬಹಳ ವರ್ಷವಾಯಿತು. ಅಂದು ಅವರ ಅಂತ್ಯಯಾತ್ರೆಯ ಮುಂದೆ ಭಜನೆ ಮಾಡುತ್ತ ನಡೆದಾಗ ತಾಳ ನನ್ನ ಕೈಯಲ್ಲಿತ್ತು. ಎರಡು ಪೆಟ್ಟಿನ ನಡುವೆ ಏನೂ ಇರಲಿಲ್ಲ...

ಹೋದ ವಾರ ಒರೆಸಲೆಂದು ಹಿಡಿದ ತಾಳಗಳು ತಾವಾಗಿಯೇ ಗಿಣಗಿಣ ಎಂದವು. ವಯಸ್ಸಿನ ನಡುಕ ಎಂದು ಡಾಕ್ಟರು ಆಗಲೇ ಗುಳಿಗೆ ಬರೆದಿದ್ದಾರೆ. ಸೋಮವಾರ ಗುಡಿಯಲ್ಲಿ ಅದೇ ಸಪ್ಪಳ ಎದ್ದಾಗ ಮೇಳದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ವರ್ಷ ಒಂದು ಹನಿ ಮುಟ್ಟಿಲ್ಲ ಎಂದು ಭಜನೆಯ ನಡುವೆ ಎದ್ದು ನಿಂತು ಭಾಷಣ ಮಾಡಲಾದೀತೆ? ಈಗ ತಬಲಾ ಬಾರಿಸುವವರು ಒಳ್ಳೆಯ ಮನುಷ್ಯ. ನನ್ನ ಮಾನ ಉಳಿಸಲೆಂದು ಜೋರಾಗಿ ಬಾರಿಸಿ ಅದನ್ನು ಮುಚ್ಚಿದರು.

ಮೆತ್ತಗೆ ಬಾರಿಸಿ, ಕಿವಿಗೊಟ್ಟು, ಈ ನಡುಕ ಬೇರೆ ಎಂದು ತಿಳಿಯಬಲ್ಲವರು ಒಬ್ಬರೇ ಇದ್ದರು. ನಾನು ತಾಳ ಕೆಳಗಿಡಲಿಲ್ಲ.