ಮುನಿರಾಜುವಿನ ಉಂಗುರ ಮತ್ತು ನನ್ನ ಹಂಡೆ ಒಲೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ನಮ್ಮ ಬಚ್ಚಲಿನ ಹಂಡೆ ಒಲೆಯ ಹೊಗೆ ಹೋಗುವುದು ಒಂದೇ ವಿಳಾಸಕ್ಕೆ: ಪಕ್ಕದ ಮನೆಯ ಮುನಿರಾಜು ಬಟ್ಟೆ ಒಣಹಾಕುವ ತಂತಿಗೆ. ವಾಯುದೇವನಿಗೂ ನನಗೂ ಒಳ ಒಪ್ಪಂದವಿದೆಯೆಂದು ಮುನಿರಾಜುವಿನ ಹೆಂಡತಿ ಗೌರಮ್ಮನವರ ದೃಢ ನಂಬಿಕೆ. ಒಪ್ಪಂದವೇನೂ ಇಲ್ಲ, ಆದರೆ ಓದುಗ ಮಿತ್ರರೇ, ನಿಮ್ಮಲ್ಲಿ ಮುಚ್ಚುಮರೆಯೇಕೆ, ಈಚೆಗೆ ಆ ಹೊಗೆಯ ಪಯಣ ನನಗೆ ತುಸು ಸಂತೋಷವನ್ನೇ ಕೊಡುತ್ತಿತ್ತು.

ಕಾರಣ, ಶುದ್ಧ ಅಸೂಯೆ. ಮುನಿರಾಜು ನನ್ನ ಸಹಪಾಠಿ. ಭಾಗಾಕಾರವನ್ನು ನನ್ನ ಸ್ಲೇಟು ನೋಡಿಯೇ ಮಾಡಿದವನು. ನಾನು ಕಾಲೇಜಿನ ಗ್ರಂಥಪಾಲಕನಾಗಿ ಸಮಸ್ತ ಜ್ಞಾನದ ಮೇಲಿನ ಧೂಳು ಝಾಡಿಸಿ ನಿವೃತ್ತನಾದೆ. ಅವನು ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇತ್ ಮೆಷಿನ್ ಇಟ್ಟುಕೊಂಡು ಲೋಹ ಕಡೆಯುತ್ತ ಕೂತ. ಹಾಗೆ ಕೂತವನಿಗೆ ಉಪಗ್ರಹವೊಂದಕ್ಕೆ ಬೇಕಾದ ಅಲ್ಯೂಮಿನಿಯಂ ಉಂಗುರ ಮಾಡಿಕೊಡುವ ಕೆಲಸ ಸಿಗಬೇಕೆ! ಬಳೆಯಷ್ಟಗಲದ ಆ ಉಂಗುರಕ್ಕೆ ಅರಿಶಿನ ಕುಂಕುಮವಿಟ್ಟು, ನಿಂಬೆಹಣ್ಣು ನಿವಾಳಿಸಿ ಕಳಿಸಿದ. ಉಪಗ್ರಹ ಕಟ್ಟುವವರು ಕುಂಕುಮವನ್ನು ಒರೆಸಿ ತೆಗೆದುಕೊಂಡರಂತೆ. ರಾಕೆಟ್ ಏರಿದ ದಿನ ಬೀದಿಯೇ ಅವನ ಟಿವಿಯ ಮುಂದಿತ್ತು. ನಾನೂ ಚಪ್ಪಾಳೆ ತಟ್ಟಿದೆ, ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಅಂದಿನಿಂದ ಅವನು ‘ಸ್ಯಾಟಲೈಟ್ ಮುನಿರಾಜಣ್ಣ’. ಮೂವತ್ತು ವರ್ಷ ಊರಿಗೆ ಪುಸ್ತಕ ಕೊಟ್ಟ ನಾನು ‘ಸ್ಯಾಟಲೈಟ್ ಮುನಿರಾಜಣ್ಣನ ಪಕ್ಕದ ಮನೆಯವರು’.

ಹೊಟ್ಟೆಕಿಚ್ಚಿಗೆ ಮದ್ದು ಒಂದು ವಿಜ್ಞಾನ ಪತ್ರಿಕೆಯಲ್ಲಿ ಸಿಕ್ಕಿತು. ನಮ್ಮಂಥವರ ಬಚ್ಚಲೊಲೆಯ ಹೊಗೆ ನಾಲ್ಕು ಹನಿ ಮಳೆಗೆ ಇಳಿದುಹೋಗುತ್ತದೆ. ರಾಕೆಟ್ಟಿನ ಮಸಿಯೋ, ಮಳೆಮೋಡಗಳನ್ನೂ ದಾಟಿ ಹೋಗಿ ಕೂರುವುದರಿಂದ ಅದನ್ನು ತೊಳೆಯುವವರಿಲ್ಲ, ವರ್ಷಗಟ್ಟಲೆ ಅಲ್ಲೇ ಠಿಕಾಣಿ. ಸಾಲದ್ದಕ್ಕೆ, ಆಯುಸ್ಸು ಮುಗಿದ ಉಪಗ್ರಹ ಕೆಳಗೆ ಬೀಳುತ್ತ ಉರಿದು, ಅದರ ಅಲ್ಯೂಮಿನಿಯಂ ನುಣ್ಣನೆಯ ಪುಡಿಯಾಗಿ ಗಾಳಿಯಲ್ಲಿ ಸೇರಿಕೊಳ್ಳುತ್ತದೆ. ನಮ್ಮನ್ನು ಬಿಸಿಲಿನಿಂದ ಕಾಯುವ ಓಝೋನ್ ಪದರಕ್ಕೆ ಇದರಿಂದ ಕೇಡೆಂದು ಬಲ್ಲವರಿಗೆ ಆತಂಕ. ಆ ಆತಂಕವನ್ನು ಓದಿ ಹಿಗ್ಗಿದವನು ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ರಾಜ್ಯೋತ್ಸವಕ್ಕೆ ಬೀದಿಯ ಸಂಘದವರು ಮುನಿರಾಜುವಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿಯ ಸನ್ಮಾನವಿಟ್ಟು, ಅಭಿನಂದನೆಯ ನುಡಿಗೆ ನನ್ನನ್ನೇ ಕರೆದರು. ನಾನು ಓದಿದ್ದನ್ನೆಲ್ಲ, ಒಲೆಯಿಂದ ಓಝೋನಿನವರೆಗೆ, ಅಭಿನಂದನೆಯ ಸಕ್ಕರೆ ಸವರಿ ಒಪ್ಪಿಸಿದೆ. ನಮ್ಮೂರ ಪಕ್ಕದ ರಾಜಘಟ್ಟದ ಮಣ್ಣು ಅಗೆದರೆ ಯಾವ ಕಾಲದವರದೋ ಇಟ್ಟಿಗೆಯಾದರೂ ಸಿಗುತ್ತದೆ, ಆಕಾಶಕ್ಕೆ ಕಳಿಸಿದ್ದು ಕೊನೆಗೆ ಬರೀ ಬೂದಿ ಎಂದು ಮುಗಿಸಿದೆ. ಸಭೆ ಏನೂ ಅರ್ಥವಾಗದೆ ಜೋರಾಗಿ ಚಪ್ಪಾಳೆ ತಟ್ಟಿತು. ಅರ್ಥವಾದದ್ದು ಮುನಿರಾಜುವಿಗೊಬ್ಬನಿಗೇ.

ಮನೆಗೆ ನಡೆಯುವಾಗ ಅವನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ.

“ಲೇ, ನಿಜವಾಗ್ಲೂ ಅದು ಸುಟ್ಟೋಗ್ತದಾ?”

“ಹೂಂ ಕಣೋ.”

“ನಾನು ಅದು ಅಲ್ಲೇ ಇರ್ತದೆ ಅಂದ್ಕೊಂಡ್ಬಿಟ್ಟಿದ್ದೆ. ನಾನು ಹೋದ್ಮೇಲೂ ತಾತನ ಉಂಗ್ರ ನಿನ್ನ ನೋಡ್ಕೊಂತಿರ್ತದೆ ಅಂತ ಮೊಮ್ಮಗಳಿಗೆ ಹೇಳ್ಬಿಟ್ಟಿದೀನಿ. ಈಗ ಅವಳು ಉಸಿರಾಡೋ ಗಾಳೀಗೇ ಬೂದಿ ಹಾಕ್ದಂಗಾಯ್ತಲ್ಲೋ.”

ಒಂದು ವರ್ಷದಿಂದ ನಾನು ಹಂಬಲಿಸಿದ್ದು ಇದೇ ಮುಖವನ್ನು ನೋಡಲೆಂದು. ನೋಡಲಾಗಲಿಲ್ಲ. ನಾನು ಓದಿದ್ದರಲ್ಲಿ ಸುಳ್ಳೇನಿರಲಿಲ್ಲ, ಓದಿ ಹೇಳಿದವನ ಮನಸ್ಸು ಕೊಳಕಾಗಿತ್ತು. ಕ್ಷಮಿಸು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನ ಗೇಟು ಬಂತು.

ಮರುದಿನ ಬೆಳಿಗ್ಗೆ ಒಲೆ ಹಚ್ಚಲು ನಾಚಿಕೆಯಾಗಿ, ನವೆಂಬರಿನ ಚಳಿಯಲ್ಲಿ ತಣ್ಣೀರಿನ ಬಕೆಟ್ಟಿನ ಮುಂದೆ ನಡುಗುತ್ತ ನಿಂತಿದ್ದೆ. ಕಾಂಪೌಂಡಿನಾಚೆಯಿಂದ ಮುನಿರಾಜುವಿನ ದನಿ ಬಂತು.

“ಯಾಕ್ಲಾ, ಒಲೆ ಹಚ್ಚಿಲ್ಲ? ಹಚ್ಚೋ ಮಾರಾಯ! ನಿಂದು ಮಳೆಗೆ ತೊಳ್ಕೊಂಡ್ ಹೋಗೋ ಹೊಗೆ ಅಂತ ನೀನೇ ಹೇಳಿದ್ಯಲ್ಲ. ತಣ್ಣೀರ್ ಹುಯ್ಕೊಂಡು ನೆಗಡಿ ಮಾಡ್ಕೋಬೇಡ.”

ಹಚ್ಚಿದೆ. ಹೊಗೆ ಎಂದಿನಂತೆ ಅವನ ತಂತಿಯತ್ತ ಹೊರಟಿತು; ಅವನು ಒದ್ದೆ ಪಂಚೆಯನ್ನು ಪಕ್ಕಕ್ಕೆಳೆದುಕೊಂಡ. ಶಾಲೆಯಲ್ಲೂ ಹೀಗೇ, ನನ್ನ ಸ್ಲೇಟು ನೋಡಿಯೇ ಬರೆದು ನನಗಿಂತ ಎರಡು ಅಂಕ ಹೆಚ್ಚು ತೆಗೆದಿದ್ದ, ಬಡ್ಡೀಮಗ.