ಬೀಗಿತ್ತಿಗೆ ಅವರ ಊರನ್ನೇ ಗಿಫ್ಟ್ ಕೊಟ್ಟೆ

ಐರ್ಲೆಂಡಿನಿಂದ ವಿಮಾನ ಹತ್ತಿ ನಿಮ್ಮ ಮನೆಗೆ ಊಟಕ್ಕೆ ಬರುವ ಹೆಂಗಸಿಗೆ ಏನು ಉಡುಗೊರೆ ಕೊಡುತ್ತೀರಿ? ಮೈಸೂರು ಸಿಲ್ಕ್? ಗಂಧದ ಆನೆ? ಹೋಗಲಿ, ಒಂದು ಡಬ್ಬಿ ಖರ್ಜೂರ?

ನಾನು ಐರ್ಲೆಂಡನ್ನೇ ಕೊಟ್ಟೆ.

ನಗಬೇಡಿ. ಮೊದಲು ಪೂರ್ತಿ ಕೇಳಿ.

ನನ್ನ ಮಗಳು ಅದಿತಿ, ಕಾನರ್ ಎಂಬ ಐರಿಶ್ ಹುಡುಗನನ್ನು ಮದುವೆಯಾಗುತ್ತೇನೆಂದು ಪಟ್ಟು ಹಿಡಿದು ಕೂತಿದ್ದಾಳೆ. ಇಬ್ಬರಿಗೂ ಅಬುಧಾಬಿಯಲ್ಲೇ ಕೆಲಸ. ಹುಡುಗ ಒಳ್ಳೆಯವನು. ಬಂಗುಡೆಯ ಮುಳ್ಳನ್ನು ನನಗಿಂತ ಚೆನ್ನಾಗಿ ಬಿಡಿಸುತ್ತಾನೆ (ಕುಂದಾಪುರದ ಮಾವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ?). ತಕರಾರು ಇದ್ದದ್ದು ಅವನ ಅಮ್ಮ ನೋರಾ ಅವರದು. ಇರುವವನು ಒಬ್ಬನೇ ಮಗ, ಅವನು ಮರಳುಗಾಡಿಗೆ ಹೋಗಿ ಅಲ್ಲೇ ಹುಡುಗಿ ಹುಡುಕಿಕೊಂಡರೆ ಯಾವ ತಾಯಿ ಕುಣಿದಾಡುತ್ತಾಳೆ? ವಿಡಿಯೊ ಕಾಲ್‌ನಲ್ಲಿ ಹಣೆಯನ್ನಷ್ಟೇ ತೋರಿಸುತ್ತಿದ್ದರು. ಹೂಂ ಇಲ್ಲ, ಉಹೂಂ ಇಲ್ಲ. ಕೊನೆಗೆ, "ನಾನೇ ಬಂದು ನೋಡಿ ಹೇಳ್ತೇನೆ" ಅಂದರಂತೆ.

ಅಂದರೆ ಏನು? ಹೆಣ್ಣು ನೋಡುವ ಶಾಸ್ತ್ರ. ಇದನ್ನು ನಾವು ಬಿಟ್ಟು ಎಷ್ಟು ಕಾಲವಾಯಿತು, ಯುರೋಪಿನವರು ಈಗ ಶುರು ಮಾಡಿದ್ದಾರೆ.

ಮಗಳಿಗೆ ಊಟ ಸೇರದಾಯಿತು. ಅಮ್ಮ ಒಪ್ಪದೆ ಮದುವೆಯಿಲ್ಲ ಎಂದು ಕಾನರ್ ಮೊದಲೇ ಹೇಳಿದ್ದ. "ಪಪ್ಪಾ, ಒಂದು ಲಂಚ್. ಜಸ್ಟ್ ಒನ್ ಲಂಚ್. ಪ್ಲೀಸ್ ಡೋಂಟ್ ಡೂ ಎನಿಥಿಂಗ್" ಎಂದು ನನಗೆ ಕೈಮುಗಿದಳು.

ಏನೂ ಮಾಡದೆ ಇರಲು ನಾನೇನು ಸೋಫಾವೇ?

ಇಲ್ಲಿ ನಮ್ಮ ಗಲ್ಫ್‌ನವರ ಒಂದು ಪದ್ಧತಿ ಹೇಳಬೇಕು. ಹಿಂದೆ ನಾನು ರುವೈಸ್‌ನ ರಿಫೈನರಿಯಲ್ಲಿದ್ದಾಗ, ಕಂಪನಿ ಕ್ವಾರ್ಟರ್ಸ್‌ಗೆ ಯಾರಾದರೂ ರಜೆ ಮುಗಿಸಿ ಬಂದರೆ ಅವನ ಸೂಟ್‌ಕೇಸ್ ಸುತ್ತ ಇಡೀ ಬಿಲ್ಡಿಂಗ್ ಸೇರುತ್ತಿತ್ತು. ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣ ಸಿಗಡಿ. ದುಬಾರಿ ವಾಚ್ ಕೊಟ್ಟರೆ ಇಲ್ಲಿ ಯಾರೂ ಕಣ್ಣಿಗೊತ್ತಿಕೊಳ್ಳುವುದಿಲ್ಲ. "ಊರಿಂದ ತಂದದ್ದು" ಅಂದರೆ ಮುಗಿಯಿತು, ಕಣ್ಣಲ್ಲಿ ನೀರು. ವರ್ಷಗಟ್ಟಲೆ ಹೀಗೇ ಬದುಕಿದ ಮೇಲೆ ನಮ್ಮ ತಲೆಯಲ್ಲಿ ಒಂದು ವಿಷಯ ಭದ್ರವಾಗಿ ಕೂತುಬಿಟ್ಟಿದೆ: ಶ್ರೇಷ್ಠ ಉಡುಗೊರೆ ಎಂದರೆ ಅವರವರ ಊರಿನದು.

ಹಾಗಾಗಿ ಐರಿಶ್ ಹೆಂಗಸಿಗೆ ಐರ್ಲೆಂಡ್. ಲೆಕ್ಕ ಸರಿ ಇದೆಯಲ್ಲ?

ಊಟದ ದಿನ ಬೆಳಿಗ್ಗೆಯೇ ನೇರ ದುಬೈಗೆ ಕಾರು ಬಿಟ್ಟೆ. ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಹಿಂದೆ ನನ್ನ ಗೆಳೆಯ, ಭಟ್ಕಳದ ಝುಬೇರ್ ಸಾಹೇಬರ ಗೋಡೌನ್ ಇದೆ. ಗಿಫ್ಟ್ ಐಟಂಗಳ ಹೋಲ್‌ಸೇಲ್ ವ್ಯಾಪಾರ.

"ಐರ್ಲೆಂಡಾ? ಇದೆಯಲ್ಲ ಹೆಗ್ಡೇರೆ. ಮಾರ್ಚ್‌ನಲ್ಲಿ ಅವರ ಹಸಿರು ಹಬ್ಬಕ್ಕೆ ಅಂತ ತರಿಸಿದ್ದು, ಅರ್ಧಕ್ಕರ್ಧ ಉಳಿದಿದೆ" ಎಂದು ಒಂದು ಪೆಟ್ಟಿಗೆ ಬಿಚ್ಚಿಸಿದರು.

ಅಬ್ಬಾ, ಏನಿತ್ತು ಏನಿರಲಿಲ್ಲ! ಹಸಿರೆಲೆ ಅಚ್ಚಾದ ಅಡುಗೆಮನೆ ಟವೆಲ್. ಐರಿಶ್ ಭಾಷೆಯಲ್ಲಿ ಆಶೀರ್ವಾದ ಬರೆದ ಮಗ್. ಕೆಲ್ಟಿಕ್ ಗಂಟಿನ ಗೋಡೆ ತಟ್ಟೆ (ಕೆಲ್ಟಿಕ್ ಅಂದರೆ ಅವರ ಪೂರ್ವಿಕರ ಕಾಲದ್ದು, ಗಂಟು ನೋಡಿದರೆ ನಮ್ಮ ಸುತ್ತು ರಂಗೋಲಿಯ ತಮ್ಮ). ಎಲ್ಲಕ್ಕಿಂತ ಮೇಲೆ ಒಂದು ದಪ್ಪ ಪುಸ್ತಕ: ಕೋಟೆ, ಹಾರ್ಪ್ ವಾದ್ಯ, ಕಲ್ಲಿನ ಶಿಲುಬೆ, ಹಳೆಯ ಐರಿಶ್ ಭಾಷೆ, ಹೀಗೆ ಇಡೀ ದೇಶದ ಪರಂಪರೆ ಹೊಳೆಯುವ ಕಾಗದದ ಮೇಲೆ. ತೂಕ ಒಂದು ಒಳ್ಳೆಯ ಹಲಸಿನಕಾಯಿಯಷ್ಟು.

"ಎಂತ ಯೋಚನೆ? ಊರು ನೋಡಿ ಅವರಿಗೆ ಕರುಳು ಕರಗ್ತದೆ. ಯಲ್ಲಾ, ನಡೀರಿ, ಪ್ಯಾಕ್ ಮಾಡಿಸ್ತೇನೆ" ಅಂದರು ಝುಬೇರ್. ನನ್ನ ಹಾಗೆ ಅವರೂ ಗಲ್ಫ್‌ನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು.

ಅಲ್ ರೀಮ್ ಐಲ್ಯಾಂಡ್‌ನ ನಮ್ಮ ಫ್ಲಾಟ್‌ಗೆ ಬಂದು ಹೆಮ್ಮೆಯಿಂದ ಎಲ್ಲವನ್ನೂ ಹರಡಿದೆ. ಹೆಂಡತಿ ಸುಮತಿ ಸೌಟು ಹಿಡಿದು ನಿಂತೇ ನೋಡಿದಳು.

"ಅವ್ರ್ ಊರಿಂದ್ಲೇ ಬಪ್ಪವ್ರಿಗೆ ಅವ್ರ್ ಊರನ್ನೇ ಕೊಡುದಾ? ನಿಮ್ಗ್ ಮಂಡಿ ಸಮ ಇಲ್ಯಾ?"

(ನಮ್ಮ ಕಡೆ ಮಂಡಿ ಎಂದರೆ ತಲೆ. ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಯಾರದಾದರೊಬ್ಬರ ಮಂಡಿಯ ವಿಚಾರಣೆ ಆಗುತ್ತದೆ.)

ಆಗ ಹೊಳೆಯಿತು. ನಾವು ಊರು ಬಿಟ್ಟವರು, ನಮಗೆ ಊರಿನ ಹಪ್ಪಳ ಬೇಕು. ಆ ಹೆಂಗಸು ಊರಲ್ಲೇ ಇರುವವರು. ನಿನ್ನೆ ತಾನೇ ಅಲ್ಲಿಂದ ಹೊರಟಿದ್ದಾರೆ. ಕುಂದಾಪುರದ ಅತ್ತೆಗೆ ಕುಂದಾಪುರದಲ್ಲಿ ಯಾರಾದರೂ ಹಪ್ಪಳ ಗಿಫ್ಟ್ ಕೊಡುತ್ತಾರೆಯೇ? ಆದರೆ ಅವರನ್ನು ಕರೆತಂದ ಕಾನರ್‌ನ ಕಾರು ಆಗಲೇ ಕೆಳಗೆ ಪಾರ್ಕಿಂಗ್‌ನಲ್ಲಿತ್ತು. ಬೇರೆ ತರಲು ಸಮಯವಿಲ್ಲ. ಸುಮತಿ ಉಗುರಿನಿಂದ "ಮೇಡ್ ಇನ್ ಚೈನಾ" ಸ್ಟಿಕ್ಕರ್‌ಗಳನ್ನು ಕೆರೆಯತೊಡಗಿದಳು.

ನೋರಾ ಬಂದರು. ಎತ್ತರದ ಆಳು, ಕಡಿಮೆ ಮಾತು. ನೀರುದೋಸೆ, ಕೋಳಿ ಸುಕ್ಕ ಬಡಿಸಿದರೆ "ವೆರಿ ನೈಸ್" ಎಂದು ಬಾಯಿ ಮುಚ್ಚಿದರು. ಮಗಳು ದೋಸೆಯನ್ನು ಚೂರು ಚೂರು ಮಾಡುತ್ತ ಕೂತಿದ್ದಳೇ ಹೊರತು ಒಂದು ತುಂಡೂ ಬಾಯಿಗೆ ಹೋಗಲಿಲ್ಲ. ಏನೋ ಒಂದು ಆಗಲಿ ಎಂದು ಹೋಗಿ ಗಿಫ್ಟ್ ತಂದಿಟ್ಟೆ.

ನೋರಾ ಒಂದೊಂದಾಗಿ ಬಿಚ್ಚಿದರು. ಟವೆಲ್. ತಟ್ಟೆ. ಪುಸ್ತಕ.

"ಇದು... ಐರ್ಲೆಂಡ್" ಅಂದರು.

"ಹೌದು" ಅಂದೆ. ಬೇರೆ ಏನು ಹೇಳಲಿ?

ಮಗಳು ಕಣ್ಣು ಮುಚ್ಚಿಕೊಂಡಳು. ನೋರಾ ಮಗ್ ಎತ್ತಿ ತಲೆಕೆಳಗೆ ಮಾಡಿದರು. ಅಲ್ಲೊಂದು ಸ್ಟಿಕ್ಕರ್ ಉಳಿದುಬಿಟ್ಟಿತ್ತು. "ಇದು ನಮ್ಮ ಮನೆಯಲ್ಲೂ ಇದೆ. ಇದೇ ಸ್ಟಿಕ್ಕರ್" ಅಂದರು. ಮುಖದಲ್ಲಿ ನಗು ಇತ್ತೋ ಇಲ್ಲವೋ ದೇವರೇ ಬಲ್ಲ.

ಮುಚ್ಚಿಹಾಕುವ ಭರದಲ್ಲಿ ಪುಸ್ತಕ ಬಿಚ್ಚಿ ಐರಿಶ್ ಭಾಷೆಯ ಪುಟ ಹಿಡಿದೆ. "ನಿಮ್ಮ ಭಾಷೆ. ದಯವಿಟ್ಟು ಓದಿ, ನಾವು ಕೇಳಬೇಕು."

ಅವರು ಕನ್ನಡಕ ಹಾಕಿದರು. ನೋಡಿದರು. ಕನ್ನಡಕ ತೆಗೆದರು.

"ನನಗೆ ಓದಲು ಬರುವುದಿಲ್ಲ" ಅಂದರು. "ಶಾಲೆಯಲ್ಲಿ ಕಲಿಸಿದ್ದರು, ಪರೀಕ್ಷೆ ಮುಗಿದ ದಿನವೇ ಮರೆತೆ. ನನ್ನ ಅಜ್ಜಿ ಇದರಲ್ಲೇ ಮಾತಾಡುತ್ತಿದ್ದಳು. ನನಗೆ ನೆನಪಿರುವುದು ಅವಳ ಬೈಗುಳ ಮಾತ್ರ. ಅಮದಾನ್ ಅನ್ನುತ್ತಿದ್ದಳು. ಪೆದ್ದ ಅಂತ."

ಖಲಾಸ್, ಕೆಟ್ಟಿತು ಕೆಲಸ ಅಂದುಕೊಂಡೆ.

ಆಗ ಅದಿತಿ ಕಣ್ಣು ಬಿಟ್ಟಳು. "ಓ ಮೈ ಗಾಡ್, ಸೇಮ್" ಅಂದಳು. "ನನಗೂ ಕನ್ನಡದಲ್ಲಿ ಪೂರ್ತಿ ಬರುವುದು ಅಮ್ಮನ ಬೈಗುಳ ಮಾತ್ರ. ಕೇಳಿ." ಬೆನ್ನು ನೆಟ್ಟಗೆ ಮಾಡಿ, ಸೊಂಟಕ್ಕೆ ಕೈ ಕೊಟ್ಟು, ಥೇಟ್ ಸುಮತಿಯ ಸ್ವರದಲ್ಲಿ ಹೇಳಿದಳು: "ನಿಂಗ್ ಮಂಡಿ ಸಮ ಇಲ್ಯಾ?"

ನೋರಾ ಅರ್ಥ ಕೇಳಿದರು. ಮಗಳು ಹೇಳಿದಳು. ಆ ಹೆಂಗಸು ನಿಧಾನವಾಗಿ ತಮ್ಮ ಮಗನ ಕಡೆ ತಿರುಗಿ, "ಮಂಡಿ ಸಮ ಇಲ್ಯಾ?" ಎಂದರು. ಉಚ್ಚಾರದಲ್ಲಿ ಒಂದಿಷ್ಟೂ ತಪ್ಪಿಲ್ಲ. ಕಾನರ್ ನಗುತ್ತ ನೀರು ಕುಡಿಯಲು ಹೋಗಿ ಕೆಮ್ಮಿದ. ಆಮೇಲೆ ಏನು ಕೇಳುತ್ತೀರಿ, ಆ ಕಡೆಯಿಂದ ಅಜ್ಜಿಯ ಬೈಗುಳ, ಈ ಕಡೆಯಿಂದ ಸುಮತಿಯ ಬೈಗುಳ. ನೋರಾ ಕಣ್ಣೊರೆಸಿಕೊಂಡು ನಕ್ಕರು. ಹೊರಡುವಾಗ ಮಗಳ ಎರಡೂ ಕೈ ಹಿಡಿದು, "ಮದುವೆ ಚಳಿಗಾಲದಲ್ಲಿ ಇಟ್ಟುಕೊಳ್ಳಿ, ಇಲ್ಲಿಯ ಬಿಸಿಲು ನನಗಾಗದು" ಅಂದರು. ಪುಸ್ತಕವನ್ನು ತಾವೇ ಎತ್ತಿಕೊಂಡರು. ಊರಿಗೆ ಹೋಗಿ ಓದುತ್ತಾರಂತೆ.

ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಪುಸ್ತಕದ ದಪ್ಪ ಮನಸ್ಸಿನಿಂದ ಹೋಗುತ್ತಿಲ್ಲ. ಮನೆ ಮನೆಯಲ್ಲಿ ಮಾತಾಡುವವರಿದ್ದರೆ ಒಂದು ಭಾಷೆಗೆ ಟವೆಲ್ ಮೇಲೆ, ಮಗ್ ಮೇಲೆ ಅಚ್ಚಾಗುವ ಗತಿ ಏಕೆ ಬರುತ್ತದೆ? ಮುಂದೊಂದು ದಿನ ಝುಬೇರ್ ಸಾಹೇಬರ ಗೋಡೌನ್‌ನಲ್ಲಿ "ಕನ್ನಡ ಹೆರಿಟೇಜ್" ಎಂಬ ಪೆಟ್ಟಿಗೆ ಬಂದಿಳಿದರೆ, ನನ್ನ ಮೊಮ್ಮಗು ಅದರಲ್ಲಿ ಒಂದು ಮಗ್ ಕೊಂಡು "ಇದು ನಮ್ಮ ಅಜ್ಜನ ಭಾಷೆ" ಅಂದರೆ, ನಾನು ಯಾರಿಗೆ ಬೈಯಲಿ?

ಅವರನ್ನು ಕಳಿಸಿ ಬಂದ ಮಗಳು ನನಗೆ ಬೆರಳು ತೋರಿಸಿ ಇಂಗ್ಲಿಷಿನಲ್ಲೇ ತಾಕೀತು ಮಾಡಿದಳು: "ಪಪ್ಪಾ, ಇದನ್ನೆಲ್ಲ ನಿಮ್ಮ ಕನ್ನಡ ಕಾಲಂನಲ್ಲಿ ಬರೆದರೆ ನಾನು ಮಾತು ಬಿಡ್ತೇನೆ."

ಹೆಸರು ಸಮೇತ ಬರೆದಿದ್ದೇನೆ; ಓದಲು ಬಂದರೆ ತಾನೇ ಅವಳು ಮಾತು ಬಿಡುವುದು?