ಹನ್ನೆರಡನೇ ನಂಬರಿನ ಪ್ರೇಮವ್ವ

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಯಾರ್ಡಿನಾಗ ಪ್ರೇಮವ್ವ ಬಂದ್ಳಂದ್ರ ಎಂಥಾ ದಲಾಲನೂ ಎರಡು ಮಾತು ಕಡಿಮಿ ಆಡ್ತಾನ. ಸಾಲಿ ನಾಕನೇತ್ತಕ್ಕ ಅರ್ಧಕ್ಕ ಬಿಟ್ಟು, ಅವ್ವನ ಸೆರಗು ಹಿಡಕೊಂಡು ಮೆಣಸಿನಕಾಯಿ ತೊಟ್ಟು ಬಿಡಸಾಕ ಬಂದಾಕಿಗೆ ಈಗ ಐವತ್ನಾಕು ವರ್ಷ. ಒಂದು ಹಿಡಿ ಕಾಯಿ ಮುಷ್ಟ್ಯಾಗ ಹಿಚುಕಿ, ಕಿವಿ ಹತ್ರ ಅಲುಗಾಡಿಸಿ, "ಇದು ಒಣಗೇತಿ, ಇದಕ್ಕ ತೂಕ ಬರ್ಲಿ ಅಂತ ನಿನ್ನಿ ನೀರು ಹೊಡದೀರಿ" ಅಂದ್ರ ಮುಗೀತು. ನೀರು ಹೊಡದಾವ ಮಾರಿ ತಗ್ಗಿಸಿ ಚೀಲ ಎತ್ತಬೇಕು. ಅಂಥಾಕಿ ಯೂನಿವರ್ಸಿಟಿ ಮೇಡಂ ಆದ್ಳು. ನಗಬ್ಯಾಡ್ರಿ, ಖರೇನ ಆದ್ಳು.

ಹಾವೇರಿ ಹೊರಗಿನ ಧರ್ಮಾ-ವರದಾ ವಿಶ್ವವಿದ್ಯಾಲಯದಾಗ ದಿಲ್ಲಿ ಕಾಗದ ಬಂದ್ರ ಅವತ್ತ ಜಾತ್ರಿ. ಡಿಗ್ರಿ ನಾಕು ವರ್ಷ ಅಂತ ದಿಲ್ಲಿ ಅಂತು, ಗೇಟಿಗೆ ದೊಡ್ಡ ಬೋರ್ಡ್ ಬರಸಿದ್ರು. ಇಲ್ಲ, ಮೂರ ಸಾಕು ಅಂತ ಬೆಂಗಳೂರು ಅಂತು, ನಾಕರ ಮ್ಯಾಲ ಮೂರು ಬಳದ್ರು. ಹಿಂಗ ಬಳದು ಬಳದು ಪೇಂಟರ್ ಒಬ್ಬಾವ ಉದ್ಧಾರ ಆದ. ಆಮ್ಯಾಲ ಇನ್ನೊಂದು ಬಂತು: ಕಸಬು ಬಲ್ಲವರನ್ನ ಕರಕೊಂಡು ಬಂದು ಪಾಠಕ್ಕ ಹಚ್ಚರಿ, ಡಿಗ್ರಿ ಕೇಳಬ್ಯಾಡ್ರಿ, ತಿಂಗಳೊಳಗ ವರದಿ ಕಳಸ್ರಿ.

ಕುಲಪತಿಗಳು ಕಚೇರಿ ಅಧೀಕ್ಷಕ ಗೋಣೆಪ್ಪನ ಮಾರಿ ನೋಡಿದ್ರು. ಗೋಣೆಪ್ಪ ಬ್ಯಾಡಗಿಯಾವ. ಸೀದಾ ಯಾರ್ಡಿಗೆ ಬಂದ.

"ಪ್ರೇಮವ್ವಾ, ಮೆಣಸಿನಕಾಯಿ ಗುಣಪರೀಕ್ಷೆ ಅಂತ ಕೋರ್ಸ್ ತಗದೇವಿ. ನೀ ಪಾಠ ಮಾಡಬೇಕು."

"ನಿನಗ ಬಿಸಲು ಹತ್ತೇತಿ. ನೆಳ್ಳಾಗ ಕುಂದ್ರು, ನೀರು ಕುಡಿ."

ಕಡೀಕೆ ಬಂದ್ಳು. ಪ್ರತಿ ಮಂಗಳವಾರ ಬ್ಯಾಡಗಿಯಿಂದ ರೈಲು, ಕಂಕುಳಾಗ ಕಾಯಿ ಗಂಟು. ಬೋಗಿಯೆಲ್ಲಾ ಸೀನ್ಕೊಂತ ಹಾವೇರಿ ಮುಟ್ಟತಿತ್ತು. ಮೊದಲನೇ ಪಾಠ ನೋಡಾಕ ಖುದ್ದು ಕುಲಪತಿಗಳು ಬಂದ್ರು. ಒಂಬತ್ತು ಸಲ ಸೀನಿ, ಕಣ್ಣೀರು ಒರಸಿಕೊಂಡು, "ಬಾಳ ಚಲೋ" ಅಂತ ಹೊರಗ ಓಡಿದ್ರು. ಬಿ.ಕಾಂ. ಓದೂ ಹನ್ನೊಂದು ಹುಡುಗ್ಯಾರು ಮಾತ್ರ ಮೂಗಿಗೆ ಓಡಣಿ ಕಟಗೊಂಡು ಕುಂತ್ರು. ಪ್ರೇಮವ್ವ ಹಾಜರಿ ಕೂಗತಿದ್ಳು, "ಹಾಜರ್ರಿ ಮೇಡಂ" ಅಂತಿದ್ರು. ಯಾರ್ಡಿನಾಗ ಐವತ್ನಾಕು ವರ್ಷದ ಹೆಣ್ಮಗಳಿಗೂ 'ಏ' ಅಂತ ಕರಿಯೋ ಮಂದೀನ ಹೆಚ್ಚು. ಆ ಮಂಗಳವಾರದ ಆಸೀಗೆ ಆಕಿ ಉಳಿದ ಆರು ದಿನ ದೂಡತಿದ್ಳು. ಖರೇ ಹೇಳ್ಬೇಕಂದ್ರ ಜೀವಾನ ಅಲ್ಲಿತ್ತು.

ಅಷ್ಟಾಗೂದ್ರಾಗ ದಿಲ್ಲಿ ಮನಸ್ಸು ಹೊಳ್ಳಿತು. ಹೊಸಾ ಕಾಗದ: ಯಾವ ಕೋರ್ಸ್ ಕಲಸ್ತಾರೋ ಆ ಕೋರ್ಸಿನ ಸರ್ಟಿಫಿಕೇಟ್ ಕಲಸಾವ್ರ ಹತ್ರ ಇರಬೇಕು, ಇಲ್ಲಾಂದ್ರ ಜೂನ್ ಮೂವತ್ತಕ್ಕ ಕೋರ್ಸ್ ಬಂದ್, ಹುಡುಗ್ಯಾರ ಅಂಕಾನೂ ರದ್ದು.

ಆ ಕೋರ್ಸ್ ಇಡೀ ದೇಶದಾಗ ಇದ್ದದ್ದು ಇದೊಂದ ಕಡೆ. ಕಲಸಾಕಿ ಒಬ್ಬಾಕಿ. ಗೋಣೆಪ್ಪ ಎರಡು ದಿನ ತಲಿ ಕೆರಕೊಂಡು, ಮೂರನೇ ದಿನ ಫಾರ್ಮ್ ಹಿಡಕೊಂಡು ಬಂದ.

"ನೀ ನಿನ್ನ ಕ್ಲಾಸಿಗೆ ಹೆಸರು ಹಚ್ಚು. ನಿನ್ನ ಹತ್ರ ಕಲಿ. ಪಾಸಾಗು."

"ಥೂ ನಿನ್ನ! ನನಗ ನಾನ ಹೇಳಿಕೊಡ್ಲೇನು?"

"ನಿಯಮದಾಗ ಬ್ಯಾಡ ಅಂತ ಎಲ್ಲೂ ಬರದಿಲ್ಲ ನೋಡು."

ಹಂಗಾಗಿ ಪ್ರೇಮವ್ವ ಹನ್ನೆರಡನೇ ನಂಬರ್ ಆದ್ಳು. ಹನ್ನೊಂದು ಹೆಸರು ಕೂಗಿ, "ಹನ್ನೆರಡು, ಪ್ರೇಮವ್ವ" ಅಂದು, ತಾನ "ಹಾಜರ್ರಿ" ಅಂತಿದ್ಳು. ಹುಡುಗ್ಯಾರು ಹೊಟ್ಟಿ ಹಿಡಕೊಂಡು ನಗತಿದ್ರು. ಸುಮ್ನ ಕೈ ಎತ್ತಿದ್ರ ನಡೀತೈತೇನು ಅಂತ ಆಕಿ ಕೇಳಿದ್ದಕ್ಕ, ಬಾಯಿ ಬಿಟ್ಟು ಹೇಳಬೇಕು ಅಂದಿದ್ದ ಗೋಣೆಪ್ಪ.

ಪರೀಕ್ಷೆಗೆ ಹದಿನೈದು ದಿನ ಮೊದಲ ಐದು ಬೋಗಣಿ ಕಾಯಿ ಆರಿಸಿ, ಯಾವುದು ಒಣಾ, ಯಾವುದು ಹಸಿ ಅಂತ ಉತ್ತರ ಹೇಳಿದ್ಳು. ಗೋಣೆಪ್ಪ ಅದನ್ನ ಆನ್‌ಲೈನ್ ಏರಿಸಿದ. ಒಣಾ ಮೂರು, ಹಸಿ ಎರಡು. ಆಮ್ಯಾಲ ಗೌಪ್ಯತಾ ಕಾಪಾಡಬೇಕಂತ ಐದೂ ಬೋಗಣಿ ಪ್ರಶ್ನೆಪತ್ರಿಕೆ ಕೋಣ್ಯಾಗ ಇಟ್ಟು, ಬಾಗಿಲಿಗೆ ಅರಗಿನ ಮುದ್ರಿ ಒತ್ತಿದ. ಆ ಕೋಣಿ ಗ್ವಾಡಿ ಮಳೆಗಾಲದಾಗ ಬೆವರತಾವು ಅನ್ನೂದು ಅವಗ ಹೊಳೀಲೇ ಇಲ್ಲ.

ಪರೀಕ್ಷೆ ದಿನ ರಾಣೆಬೆನ್ನೂರಿನಿಂದ ಬೀಜದ ಕಂಪನಿಯ ವಿಜಯೇಂದ್ರ ಅನ್ನಾವ್ರು ಮೇಲ್ವಿಚಾರಕರಾಗಿ ಬಂದ್ರು. ಹನ್ನೆರಡೂ ಮಂದಿ ಕಾಯಿ ಹಿಚುಕಿದ್ರು, ಅಲುಗಾಡಿಸಿದ್ರು, ಬರದ್ರು. ಹನ್ನೆರಡೂ ಮಂದಿ ಐದಕ್ಕೈದೂ ಹಸಿ ಅಂತ ಬರದಿದ್ರು.

"ಎಲ್ಲಾರೂ ಫೇಲು" ಅಂದ ಗೋಣೆಪ್ಪ, ಏರಿಸಿದ್ದ ಉತ್ತರಕ್ಕ ಹೋಲಿಸಿ ನೋಡಿ.

"ಯಾಕ ಫೇಲು? ಹಸೀನ ಅದಾವು! ನೀನ ಮುಟ್ಟಿ ನೋಡು, ಕಣಕದಂಗ ಮೆತ್ತಗ!" ಅಂದ್ಳು ಪ್ರೇಮವ್ವ.

"ಉತ್ತರ ಏರಿಸೇನಿ. ಇಳಸಾಕ ಬರೂದಿಲ್ಲ. ದಿಲ್ಲಿಗೆ ಬರೀಬೇಕು, ಆರು ತಿಂಗಳು."

ಸುರೇಖಾ ಅನ್ನೋ ಹುಡುಗಿ ಅಳಾಕ ಶುರು ಹಚ್ಚಿದ್ಳು. ಪ್ರೇಮವ್ವ ಆಕಿ ಹತ್ರ ಹೋಗಿ ನಿಂತ್ಳು. ತನ್ನದು ಹೋದ್ರ ಹೋಗವಲ್ದ್ಯಾಕ, ಈ ಹುಡುಗ್ಯಾರು ಬೆರಳು ಉರಿಸಿಕೊಂಡು ಕಲತದ್ದು? ಸರಿ ಉತ್ತರ ಬರದೂ ಫೇಲಾಗೂದಂದ್ರ ಏನ್ರಿ ಅದು? ಸಿಟ್ಟು ನೆತ್ತಿಗೇರಿತು.

"ಉತ್ತರ ಬದಲಾಗೂದಿಲ್ಲ, ಹೌದಿಲ್ಲೋ?"

"ಇಲ್ಲ."

"ಪರೀಕ್ಷೆ ಕಡೇ ದಿನ ಯಾವಾಗ?"

"ನಾಡದ ಸಂಜಿ ಐದಕ್ಕ."

"ಹಂಗಾದ್ರ ಕಾಯಿ ಬದಲ ಮಾಡೋಣು. ತಗೋರೇ ಬೋಗಣಿ, ನಡೀರಿ ಮಾಳಿಗಿಗೆ!"

ಎರಡು ದಿನ ವಿಶ್ವವಿದ್ಯಾಲಯದ ಮಾಳಿಗಿ ಮ್ಯಾಲ, ಒಣಾ ಅಂತ ಏರಿಸಿದ್ದ ಮೂರು ಬೋಗಣಿ ಕಾಯಿ ಹರವಿ, ಹನ್ನೆರಡು ಮಂದಿ ಪಾಳಿ ಹಚ್ಚಿ ಕಾಯ್ದ್ರು. ಮೋಡ ಸರದಾಗೊಮ್ಮೆ ಹೊರಗ, ಹನಿ ಬಿದ್ದಾಗೊಮ್ಮೆ ಒಳಗ. ಸಂಶೋಧನೆ ನಡದೇತಿ ಅಂತ ಕುಲಪತಿಗಳು ಕೆಳಗಿಂದ ಫೋಟೋ ಹೊಡದು ದಿಲ್ಲಿಗೆ ಕಳಿಸಿದ್ರು. ಮೆಚ್ಚುಗಿ ಕಾಗದಾನೂ ಬಂತು. ಮೂರನೇ ದಿನ ಮಧ್ಯಾಹ್ನ ಪ್ರೇಮವ್ವ ಒಂದು ಹಿಡಿ ಹಿಚುಕಿದ್ಳು. ಖರ್ರ್ ಅಂತು. ವಿಜಯೇಂದ್ರ ಮತ್ತೊಮ್ಮೆ ರಾಣೆಬೆನ್ನೂರಿನಿಂದ ಬಂದು ಮತ್ತೊಮ್ಮೆ ಸೀನಿದ್ರು. ಹನ್ನೆರಡೂ ಮಂದಿ ಮತ್ತ ಪರೀಕ್ಷೆ ಬರದ್ರು: ಒಣಾ ಮೂರು, ಹಸಿ ಎರಡು. ಎಲ್ಲಾರೂ ಪಾಸು.

ಸರ್ಟಿಫಿಕೇಟ್ ಬಂತು. ಕಲಿತವರು: ಪ್ರೇಮವ್ವ. ಕಲಿಸಿದವರು: ಪ್ರೇಮವ್ವ. ಫೈಲಿಗೆ ಹಚ್ಚತೇನಿ ಕೊಡು ಅಂದ ಗೋಣೆಪ್ಪ.

"ಜೆರಾಕ್ಸ್ ಹಚ್ಚು. ಇದನ್ನ ನಾ ಕೊಡಾಕಿ ಅಲ್ಲ" ಅಂದು ಎದೀಗೆ ಅವಚಿಕೊಂಡ್ಳು. ನಾಕನೇತ್ತದ ನಂತರ ಆಕಿ ಹೆಸರು ಅಚ್ಚಾಗಿ ಬಂದ ಸಾಲಿ ಕಾಗದ ಅದೊಂದ.

ಮುಂದಿನ ಮಂಗಳವಾರ ಹುಡುಗ್ಯಾರಿಗೆ ಕೋರ್ಸಿನ ಎರಡನೇ ಭಾಗ ಶುರು, ಹಾಜರಿ ಪಟ್ಟಿ ಹೊಸಾದು. ಪ್ರೇಮವ್ವಗ ಬೇಕಾದ ಸರ್ಟಿಫಿಕೇಟ್ ಸಿಕ್ಕಿತ್ತಂತ ಹನ್ನೆರಡನೇ ಹೆಸರು ತಗದಿದ್ರು. ಪ್ರೇಮವ್ವ ಹನ್ನೊಂದು ಕೂಗಿ, ಪುಸ್ತಕ ಮುಚ್ಚಾಕ ಹ್ವಾದ್ಳು.

ಹಿಂದಿನ ಬೆಂಚಿನಿಂದ ಸುರೇಖಾ ಎದ್ದು ಕೂಗಿದ್ಳು: "ಹನ್ನೆರಡು, ಪ್ರೇಮವ್ವ!"

ಪ್ರೇಮವ್ವ ಸೆರಗು ಸರಿ ಮಾಡಿಕೊಂಡು ನೆಟ್ಟಗ ನಿಂತ್ಳು. "ಹಾಜರ್ರಿ ಮೇಡಂ" ಅಂದ್ಳು.